ಮುದುಕಿಯರ ಪಂಕ್ತಿ

ಹೊಳೆಯ ದಂಡೆಯ ಮೇಲೆ ಒಂದು ಮಠವಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಅಂಗಳದಲ್ಲಿ ಒಂದು ಬೇವಿನ ಗಿಡ. ಗೊತ್ತಿದ್ದವರು ಅದನ್ನು ಮಠ ಅನ್ನಬೇಕು. ಗೊತ್ತಿಲ್ಲದವರು ಯಾರದೋ ಹೊಲದ ಮನೆ ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಆ ಮಠದ ಗುರು ನೀಲವ್ವ. ತಲೆ ಪೂರ್ತಿ ನೆರೆತಿದ್ದರೂ ಬೆನ್ನು ಬಾಗಿರದ ಹೆಣ್ಣುಮಗಳು. ಆಕೆಯ ಕೈ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಜೋಳ ಹಸನು ಮಾಡುತ್ತಲೇ ಮಾತಾಡುವಳು. ಉಪದೇಶ ಬೇಡಿ ಬಂದವರ ಕೈಗೂ ಒಂದೊಂದು ಮೊರ ಕೊಟ್ಟು ಕೂರಿಸುವಳು. ಹೋಗುವಾಗ ಅವರಿಗೆ ಉಪದೇಶ ನೆನಪಿರುತ್ತಿತ್ತೋ ಇಲ್ಲವೋ, ಮಠದ ಜೋಳವಂತೂ ಹಸನಾಗಿರುತ್ತಿತ್ತು.

ಆಕೆಯ ಶಿಷ್ಯ ಶಂಭುಲಿಂಗ, ಊರವರ ಬಾಯಲ್ಲಿ ಮರಿದೇವರು. ಒಳ್ಳೆಯವನು. ತಾನು ಒಳ್ಳೆಯವನು ಎಂಬುದು ಊರಿಗಿಂತ ಮೊದಲು ಅವನಿಗೇ ತಿಳಿದಿತ್ತು. ಅವನಿಗಿದ್ದ ತೊಂದರೆ ಅದೊಂದೇ.

ಹೊಳೆಯ ಆಚೆ ದಂಡೆಯಿಂದ ದೇಸಾಯರ ಕಾವಲು, ಅಂದರೆ ಹುಲ್ಲುಗಾವಲು, ಶುರುವಾಗುತ್ತಿತ್ತು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಆ ಹುಲ್ಲಿನಲ್ಲಿ ಕಾಡುಕುದುರೆಗಳಿದ್ದವು. ಯಾವ ಕಾಲದ ಯಾವ ದಂಡಿನಿಂದ ತಪ್ಪಿಸಿಕೊಂಡವುಗಳ ಸಂತಾನವೋ, ಜೀನು ಕಂಡವಲ್ಲ, ಲಗಾಮು ಕಚ್ಚಿದವಲ್ಲ.

ಬೇಸಿಗೆಯಲ್ಲಿ ದೇಸಾಯರ ಮಂದಿ ಹಗ್ಗ ಹಿಡಿದು ಕಾವಲಿಗೆ ಇಳಿಯುತ್ತಿದ್ದರು. ಸಿಕ್ಕ ಕುದುರೆಗಳನ್ನು ಹೊಳೆ ದಾಟಿಸಿ, ಈಚೆ ದಂಡೆಯ ದೊಡ್ಡಿಯಲ್ಲಿ ಕೂಡಿಹಾಕುತ್ತಿದ್ದರು. ಎಳೆಯವು ಲಾಯಕ್ಕೆ ಹೋಗುತ್ತಿದ್ದವು. ಮುದಿ ಹೆಣ್ಣುಕುದುರೆಗಳು ಯಾರಿಗೂ ಬೇಡ. ಜೀನು ಹೊರುವ ವಯಸ್ಸಲ್ಲ, ಮರಿ ಹಾಕುವ ವಯಸ್ಸಲ್ಲ. ಅವನ್ನು ಸಂತೆಗೆ ಹೊಡೆದು ತೊಗಲಿನ ಲೆಕ್ಕದಲ್ಲಿ ಕೊಟ್ಟುಬಿಡುತ್ತಿದ್ದರು.

ಹಿಡಿಯುವವರ ಮುಖಂಡ ಯಮನಪ್ಪ ಒಂದು ಸೋಮವಾರ ಮಠಕ್ಕೆ ಬಂದ. ಪ್ರಸಾದ ಉಂಡು, ಕೈ ತೊಳೆದು, ನೀಲವ್ವನ ಎದುರು ಕೂತ. ಕೈಗೆ ಮೊರ ಬಂತು.

"ಅವ್ವಾರ, ಈ ಸಲಾ ನಾಕಾರು ಮುದುಕಿ ಸಿಕ್ಕಾವ್ರಿ. ಸಂತಿಗೆ ಹೊಡೀಬೇಕಂದ್ರ ಯಾಕೋ ಕೈ ಬರವಲ್ದು. ಮಠಕ್ಕ ಬೇಕಾದ್ರ ಸಂತಿ ದಿನಾ ಬರೋದ್ರಾಗ ಒಯ್ರಿ. ದೇಸಾಯರಿಗೆ ನಾ ಹೇಳ್ಕೋತೀನಿ."

"ಒಯ್ದ ಮ್ಯಾಲ ಮತ್ತ ಹಿಡಿಯಾಕ ಬರ್ತೀ?"

"ಛೇ ಛೇ. ಮಠದ ಒಲಿ ಉರಿಯೋ ನೆಲದಾಗ ನಾವು ಹಗ್ಗ ಎತ್ತಂಗಿಲ್ರಿ. ನಮ್ಮಪ್ಪನೂ ಎತ್ತಿಲ್ಲ, ನಮ್ಮಜ್ಜನೂ ಎತ್ತಿಲ್ಲ. ಮಠದ ನೆಲಾ ಬಿಟ್ಟು ಕಾವಲಿಗೆ ಹೊಕ್ಕ್ವಂದ್ರ ಆ ಮಾತು ಬ್ಯಾರೆ. ಆವಾಗ ನಂದು ದೇಸಾಯರ ಚಾಕ್ರಿ ನೋಡ್ರಿ, ಹಿಡಿಯಾಕs ಬೇಕು."

ನೀಲವ್ವ ಶಂಭುಲಿಂಗನತ್ತ ನೋಡಿದಳು. "ಹೋಗಿ ಕರಕೊಂಡು ಬಾ."

ಶಂಭುಲಿಂಗ ಬಂಡಿ ಹೂಡಿದ.

"ಬಂಡಿ ಯಾಕೋ?" ಅಂದಳು ನೀಲವ್ವ.

"ಮುದುಕಾಗ್ಯಾವಲ್ರಿ ಅವ್ವಾರ. ಪಾಪ, ನಡೆಸ್ಕೊಂಡು ಬರಬೇಕೇನ್ರಿ?"

ನೀಲವ್ವ ಜೋಳದೊಳಗಿನ ಒಂದು ಹರಳು ಆರಿಸಿ ಎಸೆದಳು.

ದೊಡ್ಡಿಯಲ್ಲಿ ಕುದುರೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಎಲುಬು ಎದ್ದವು, ಹಲ್ಲು ಸವೆದವು, ಒಂದಕ್ಕೆ ಒಂದು ಕಣ್ಣೇ ಇರಲಿಲ್ಲ. ಅವೆಲ್ಲವುಗಳ ಮುಂದೆ ಬೂದಿ ಬಣ್ಣದ ಒಂದು ಕುದುರೆ ನಿಂತಿತ್ತು. ಎಲ್ಲಕ್ಕಿಂತ ಮುದಿ, ಎಲ್ಲಕ್ಕಿಂತ ದಣಿದದ್ದು. ಕಾಲು ನಡುಗುತ್ತಿದ್ದರೂ ಶಂಭುಲಿಂಗನನ್ನು ಅದು ನೋಡಿದ ರೀತಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಯಮನಪ್ಪ ಹೇಳಿದ: "ಈಕಿ ಸಿಗಾಕಿನs ಅಲ್ರಿ ಮರಿದೇವ್ರ. ಮುಂದ ಓಡಿ, ಗುಡ್ಡದ ಸಂದ್ಯಾಗ ಪಾರಾಗಿದ್ಲು. ಈ ಒಕ್ಕಣ್ಣಿ ಹಿಂದ ಉಳೀತು ನೋಡ್ರಿ, ತಿರುಗಿ ಬಂದ್ಲು. ಅದಕ್ಕs ಸಿಕ್ಕಳು."

ಶಂಭುಲಿಂಗನ ಕಣ್ಣು ತುಂಬಿ ಬಂದವು. ಎಂಥ ಕರುಣೆ! ಮನುಷ್ಯರಲ್ಲೇ ಇಲ್ಲದ ಕರುಣೆ! ಇದು ಕುದುರೆಯಲ್ಲ, ಯಾವುದೋ ಜನ್ಮದ ಶರಣೆ ಎಂದುಕೊಂಡ. ಇಂಥದ್ದನ್ನು ಉಳಿಸಿದರೆ ತನ್ನ ಜನ್ಮವೂ ಸಾರ್ಥಕ ಎಂದುಕೊಂಡ.

ಹಾಗೆ ಅಂದುಕೊಂಡವನು ಅದೊಂದನ್ನೇ ಬಂಡಿಗೆ ಹಾಕಿಸಿದ!

ಆಳುಗಳು ಅದರ ಕಾಲು ಕಟ್ಟಿ, ಹುಲ್ಲಿನ ಮೆತ್ತೆಯ ಮೇಲೆ ಮಲಗಿಸಿದರು. ದಣಿದಿದ್ದ ಜೀವ, ಹೆಚ್ಚು ಒದ್ದಾಡಲಿಲ್ಲ. ಆದರೆ ದೊಡ್ಡಿಯೊಳಗಿನ ಕುದುರೆಗಳು ಬೇಲಿಗೆ ಎದೆಯೊಡ್ಡಿ ಕೆನೆದವು. ಬಂಡಿ ಮರೆಯಾಗುವ ತನಕ ಕೆನೆದವು.

"ನೋಡಿದ್ಯಾ ಯಮನಪ್ಪ? ತಮ್ಮ ಗುರುವಿಗೆ ಶರಣು ಅನ್ನಾಕತ್ತಾವ," ಅಂದ ಶಂಭುಲಿಂಗ.

ಮಠಕ್ಕೆ ಬಂದಾಗ ನೀಲವ್ವ ಅಂಗಳದಲ್ಲೇ ನಿಂತಿದ್ದಳು. ಬಂಡಿಯ ಒಳಗೆ ಬಗ್ಗಿ ನೋಡಿದಳು. ಬಂಡಿಯ ಹಿಂದೆ ನೋಡಿದಳು. ದಾರಿಯ ಉದ್ದಕ್ಕೂ ನೋಡಿದಳು.

"ಉಳದವ್ರು ಎಲ್ಲಿ?"

"ಅವು ಬರ್ತಾವ್ರಿ ಅವ್ವಾರ, ಸಂತಿಗೆ ಇನ್ನೂ ದಿನ ಐತಿ. ಮೊದಲ ಇದರ ಜೀವ ಉಳೀಬೇಕು. ಇದು ಭಾಳ ದೊಡ್ಡ ಜೀವ್ರಿ." ಯಮನಪ್ಪ ಹೇಳಿದ್ದನ್ನೆಲ್ಲ ಅವನು ಉಸಿರು ಕಟ್ಟಿ ಹೇಳಿದ.

ನೀಲವ್ವ ಪೂರ್ತಿ ಕೇಳಿದಳು. "ತಿರುಗಿ ಬಂದ್ಲು ಅಂದ್ಯಾ?"

"ಹೌದ್ರಿ. ತಿರುಗಿ ಬಂತಂತ!"

"ಹೂಂ," ಅಂದು ನೀಲವ್ವ ಒಳಗೆ ಹೋದಳು.

ಶಂಭುಲಿಂಗ ಕುದುರೆಗೆ ಜಾಗ ಮಾಡಿದ್ದು ಅಂಗಳದ ಅಂಚಿನಲ್ಲಿದ್ದ ಹಿಂದಿನ ಗುರುಗಳ ಗದ್ದುಗೆಯ ಪಕ್ಕದಲ್ಲೇ. ಗೋಡೆಗೆ ತಾಗಿಸಿ ಹೊಸ ತಟ್ಟಿಯ ಕೊಟ್ಟಿಗೆ ಕಟ್ಟಿದ, ನೆಲ ಸಾರಿಸಿದ, ಮೇಲೆ ಹುಲ್ಲು ಹಾಸಿದ. ಬಿದಿರಿನ ಗಟ್ಟಿ ಬಾಗಿಲು ಇಟ್ಟ. ಕುದುರೆಗೆ 'ವಿಭೂತಿ' ಎಂದು ಹೆಸರಿಟ್ಟ. ಮಠಕ್ಕೆ ಬಿಟ್ಟ ಬಸವನ ಕೊರಳಿಗೆ ಗಂಟೆ ಕಟ್ಟುವುದು ರೂಢಿ. ಇದೂ ಮಠದ ಜೀವ ತಾನೇ ಎಂದು ಅದರ ಕೊರಳಿಗೂ ಒಂದು ಕಂಚಿನ ಗಂಟೆ ಕಟ್ಟಿದ. ಕಾಡಿನ ಜೀವಕ್ಕೆ ತನ್ನ ಕೊರಳೇ ಸದ್ದು ಮಾಡಿದರೆ ಹೇಗಾದೀತು? ತಲೆ ಅಲ್ಲಾಡಿಸಿದಾಗಲೆಲ್ಲ ಅದು ತನ್ನ ಸದ್ದಿಗೆ ತಾನೇ ಬೆಚ್ಚುತ್ತಿತ್ತು. ಕೊನೆಗೆ ತಲೆ ಅಲ್ಲಾಡಿಸುವುದನ್ನೇ ಬಿಟ್ಟಿತು.

"ನೋಡ್ರಿ, ಎಷ್ಟು ಶಾಂತ ಆತು!" ಅಂದ ಶಂಭುಲಿಂಗ.

ಶಾಂತವೇನೋ ಆಯಿತು. ಆದರೆ ಹುಲ್ಲು ಮುಟ್ಟಲಿಲ್ಲ. ಹಸಿ ಜೋಳದ ದಂಟು ಇಟ್ಟ, ಮೂಸಲಿಲ್ಲ. ಹುರುಳಿ ಬೇಯಿಸಿ ಬೆಲ್ಲ ಕಲಸಿ ಇಟ್ಟ, ಇರುವೆ ತಿಂದವು. ನೀರಿನ ಬಾನಿ ಇಟ್ಟಲ್ಲೇ ಇತ್ತು. ಕುದುರೆ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಹಗಲೂ ಹಾಗೆ, ರಾತ್ರಿಯೂ ಹಾಗೆ.

ಶಂಭುಲಿಂಗನಿಗೆ ಜೀವ ಹೋದಂತಾಯಿತು. ಮಠಕ್ಕೆ ಬಂದವರ ಎದುರೆಲ್ಲ ಅವನು ಹೇಳಿಬಿಟ್ಟಿದ್ದ: ಈ ಜೀವವನ್ನು ನಾನು ಉಳಿಸುತ್ತೇನೆ.

ಅವನು ತನಗೆ ಗೊತ್ತಿದ್ದ ದಾರಿ ಹಿಡಿದ. ತಾನೂ ಉಪವಾಸ ಕೂತ.

ನೀಲವ್ವ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಹಿಡಿದುಕೊಂಡು ಬಂದು ಅವನ ಎದುರೇ ಕೂತು ಉಂಡಳು. ಪಲ್ಯ ಚೆನ್ನಾಗಿದೆಯೆಂದೂ ಹೇಳಿದಳು.

"ನಾ ಉಣ್ಣಂಗಿಲ್ರಿ ಅವ್ವಾರ. ವಿಭೂತಿ ತಿನ್ನೋ ತನಕಾ ನನಗೂ ಅನ್ನ ಬ್ಯಾಡ."

"ನೀ ಉಪಾಸ ಇದ್ದೀ ಅಂತ ಆ ಮುದುಕಿಗೆ ಹೇಳೀಯೇನು?"

"ಅದಕ್ಕ ಹ್ಯಾಂಗ ತಿಳೀತೈತ್ರಿ?"

"ಮತ್ತ ಯಾರಿಗೆ ತಿಳೀಲಿ ಅಂತ ಕುಂತೀ?"

ಶಂಭುಲಿಂಗನಿಗೆ ಸಿಟ್ಟು ಬಂತು. ಗುರುವಿನ ಮೇಲೆ ಸಿಟ್ಟು ಮಾಡುವಂತಿಲ್ಲ, ಅದಕ್ಕೇ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದರೂ ಪುಂಡಿಪಲ್ಯದ ವಾಸನೆ ಮೂಗಿಗೆ ಬರುತ್ತಲೇ ಇತ್ತು.

ಮರುದಿನ ಕುದುರೆಯ ಪಕ್ಕೆ ಇನ್ನಷ್ಟು ಒಳಗೆ ಹೋಗಿತ್ತು. ಒಮ್ಮೆ ಮೊಣಕಾಲು ಮಡಚಿ ಬೀಳುವಂತಾಗಿ, ಮತ್ತೆ ನಿಂತಿತು. ನಿಂತು, ಗೋಡೆಯ ಕಡೆಗೇ ತಿರುಗಿತು. ಶಂಭುಲಿಂಗ ಅತ್ತ. ಈ ಸಲ ಯಾರೂ ನೋಡುತ್ತಿರಲಿಲ್ಲ, ಸುಮ್ಮನೆ ಅತ್ತ.

ಅಂದು ಮಧ್ಯಾಹ್ನ ಮಠದಲ್ಲಿ ಗೋಧಿ ಹುಗ್ಗಿ. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಹೊಲದ ಆಳುಗಳು, ದಾರಿಹೋಕರು, ಊರಿನ ಮುದುಕರು, ಕೂಸು ಎತ್ತಿಕೊಂಡ ತಾಯಂದಿರು.

ಆ ಪಂಕ್ತಿಗೆ ಒಂದು ಕಟ್ಟಳೆಯಿತ್ತು. ಕೊನೆಯ ಎಲೆಗೆ ಬಡಿಸಿ ಮುಗಿಯುವ ತನಕ ಮೊದಲ ಎಲೆಯವನು ತುತ್ತು ಎತ್ತಬಾರದು. ಇದನ್ನು ಯಾರೂ ಯಾರಿಗೂ ಕಲಿಸಬೇಕಿರಲಿಲ್ಲ. ಮಠದ ಅನ್ನ ಉಂಡು ಬೆಳೆದವರಿಗೆ ಅದು ರಕ್ತದಲ್ಲೇ ಇಳಿದಿತ್ತು.

ನೀಲವ್ವ ಕೊಪ್ಪರಿಗೆಯ ಹತ್ತಿರ ಹೋದವಳು ಪಂಕ್ತಿಗೆ ಬಡಿಸಲಿಲ್ಲ. ಒಂದೇ ಎಲೆಗೆ ಹುಗ್ಗಿ ಹಾಕಿಸಿ, ಮೇಲೆ ತುಪ್ಪ ಸುರಿದು, ನೇರವಾಗಿ ತಟ್ಟಿಯೊಳಗೆ ಬಂದಳು. ತನ್ನ ಕಂಬಳಿ ಹಾಸಿದಳು.

"ಬಾ, ಕುಂಡ್ರು. ಉಣ್ಣು."

"ನನ್ನ ವ್ರತ..."

"ನಿನ್ನ ವ್ರತ ನಾ ನೋಡ್ಕೋತೀನಿ. ಗುರುವಿನ ಮಾತು, ಉಣ್ಣು."

ಶಂಭುಲಿಂಗ ಕೂತ. ಎದುರಿಗೆ ಹೊಗೆಯಾಡುವ ಹುಗ್ಗಿ. ಬಿದಿರಿನ ಬಾಗಿಲಿನ ಸಂದಿಯಿಂದ ಅಂಗಳ ಕಾಣುತ್ತಿತ್ತು. ಪಂಕ್ತಿಯ ಎಲೆಗಳು ಬರಿದಾಗಿದ್ದವು. ಎಲ್ಲರೂ ಬಿಸಿಲಲ್ಲಿ ಸುಮ್ಮನೆ ಕೂತಿದ್ದರು. ಒಂದು ಕೂಸು ಅಳತೊಡಗಿತು.

ಕೈ ಎಲೆಯ ತನಕ ಹೋಯಿತು, ಅಲ್ಲೇ ನಿಂತಿತು.

"ಅವ್ರಿಗೆ ಬಡಿಸಿಲ್ಲಲ್ರಿ?"

"ಅವ್ರ ಸುದ್ದಿ ನಿನಗ್ಯಾಕ? ನಿನಗ ಬಡಿಸೇನಿ."

ಅವನು ಒಂದು ತುತ್ತು ಕಲಸಿದ. ಮತ್ತೆ ಬಾಗಿಲ ಕಡೆ ನೋಡಿದ. ತುತ್ತು ಎಲೆಯಲ್ಲೇ ಉಳಿಯಿತು.

"ಹಸಿವಿಲ್ಲೇನು?" ಕೇಳಿದಳು ನೀಲವ್ವ.

"ಹೊಟ್ಟಿ ಕೂಗಾಕತ್ತೈತ್ರಿ."

"ಹುಗ್ಗಿ ಕೆಟ್ಟೈತೇನು?"

"ಇಲ್ರಿ, ಛೇ."

"ನೆರಳೈತಿ. ಮೆತ್ತನ ಕಂಬಳಿ ಐತಿ. ನಾನs ಕೈಯಾರೆ ಬಡಿಸೇನಿ. ಮತ್ತ ಏನ್ ಕಡಿಮಿ ಆತು ನಿನಗ?"

"ಅವ್ರೆಲ್ಲಾ ಅಲ್ಲಿ ಹಂಗ ಕುಂತಿರಬೇಕಾದ್ರ, ನನಗ ಹ್ಯಾಂಗ್ರಿ ಗಂಟಲದಾಗ ಇಳೀಬೇಕು?"

ನೀಲವ್ವ ಎದ್ದು ಸೆರಗು ಕೊಡವಿದಳು. ಗೋಡೆಗೆ ಮುಖ ಮಾಡಿ ನಿಂತಿದ್ದ ಕುದುರೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಆಕಿನ್ನ ಕೇಳು. ಆಕಿನೂ ಅದನ್ನs ಹೇಳ್ತಾಳ."

ಹಾಗಂದು ಹೊರಗೆ ಹೋಗಿ ಪಂಕ್ತಿಗೆ ಬಡಿಸತೊಡಗಿದಳು.

ಶಂಭುಲಿಂಗ ಕುದುರೆಯನ್ನು ನೋಡಿದ. ಅದು ಮುಖ ಮಾಡಿದ್ದ ಗೋಡೆಯನ್ನು ನೋಡಿದ. ಆ ಗೋಡೆಯ ಆಚೆ ಬಂಡಿದಾರಿ, ದಾರಿಯ ಕೊನೆಗೆ ದೊಡ್ಡಿ. ಇಷ್ಟು ದಿನ ಅದು ಗೋಡೆ ನೋಡುತ್ತಿರಲಿಲ್ಲ. ನಾಳೆಯೇ ಸಂತೆ.

ಅವನು ಎಲೆ ಹಿಡಿದುಕೊಂಡು ಹೋಗಿ ಪಂಕ್ತಿಯ ಕೊನೆಗೆ ಕೂತ. ಎಲ್ಲರ ಜೊತೆ ಗಬಗಬನೆ ಉಂಡ. ಕೈ ತೊಳೆದವನೇ ದೊಡ್ಡಿಗೆ ಓಡಿದ.

"ಬಂದ್ರ್ಯಾ ಮರಿದೇವ್ರ? ನಾಳೆ ಹೊತ್ತು ಏರೋದ್ರಾಗ ಸಂತಿಗೆ ಹೊಡೀತಿದ್ದೆ," ಅಂದ ಯಮನಪ್ಪ. "ನನ್ನ ಕಡಿಂದ ಅಡ್ಡಿ ಇಲ್ಲ. ಹೊಡಕೊಂಡು ಹೋಗ್ರಿ."

ಹೊಡೆದುಕೊಂಡು ಹೋಗುವುದೇನು ಮಾತೇ? ಶಂಭುಲಿಂಗ ಬೆಲ್ಲ ತೋರಿಸಿದ. ಅವು ಮೂಲೆಗೆ ಸರಿದವು. ಕೈ ಮುಗಿದ. ಇನ್ನೊಂದು ಮೂಲೆಗೆ ಸರಿದವು. ದೊಡ್ಡಿಯ ಬಾಗಿಲು ತೆಗೆದು ಹಿಂದಿನಿಂದ ಹೋ ಹೋ ಎಂದ. ಬಾಗಿಲು ತೆರೆದಿದ್ದರೂ ಒಂದೂ ಹೊರಗೆ ಕಾಲಿಡಲಿಲ್ಲ. ಒಕ್ಕಣ್ಣಿನದು ಕುರುಡು ಮಗ್ಗುಲಿಗೆ ಬಂದವನನ್ನು ತಿರುಗಿ ಒದೆಯಿತು. ಒದೆ ತೊಡೆಗೆ ತಾಗಿ ಶಂಭುಲಿಂಗ ಲದ್ದಿಯ ಮೇಲೆ ಕುಕ್ಕರಿಸಿದ.

ಬಿದ್ದಲ್ಲಿಂದಲೇ ಅವನು ನೋಡಿದ. ಎಲ್ಲ ಕುದುರೆಗಳೂ ಅವನನ್ನು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಬಂಡಿ ಹೋದ ದಿಕ್ಕಿಗೆ.

ಸಂಜೆ ಕುಂಟುತ್ತ ಮಠಕ್ಕೆ ಬಂದ. ನೀಲವ್ವ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ಅವ್ವಾರ, ಅವು ಬರವಲ್ವು. ಇದು ಮುಂದ ನಿಂತ್ರನs ಅವು ಹೆಜ್ಜಿ ಇಡ್ತಾವ. ಇದು ಇಲ್ಲಿ ತಟ್ಟಿ ಒಳಗ ಸಾಯಾಕತ್ತೈತಿ."

"ಹಂಗಾದ್ರ ಬೆಳಗಾಗೂದಕ್ಕ ಬಾಗಲಾ ತಗಿ."

ಆ ಮಾತು ಅವನಿಗೆ ಗೊತ್ತಿದ್ದದ್ದೇ. ದಾರಿಯುದ್ದಕ್ಕೂ ಅದಕ್ಕೇ ಹೆದರುತ್ತ ಬಂದಿದ್ದ.

"ಬಿಟ್ರ ಓಡಿ ಹೋದ್ರ?"

"ಹೋಗಲಿ."

"ದಾರ್ಯಾಗ ಬಿದ್ದು ಸತ್ರ?"

"ನಿಂತು ಸಾಯಾಕತ್ತಾಳ. ನಡಕೋಂತ ಸಾಯಲಿ."

"ಎಲ್ಲಾರ ಮುಂದ ಉಳಸ್ತೀನಂತ ಹೇಳೇನ್ರಿ ನಾನು."

"ಹೇಳಿದ್ದು ನಿನ್ನ ಬಾಯಿ," ಅಂದಳು ನೀಲವ್ವ. "ಹೋಗೂದು ಆಕಿ ಜೀವ."

ಮೂಡಲು ಕೆಂಪಾಗುವಾಗ ಶಂಭುಲಿಂಗ ತಟ್ಟಿಗೆ ಹೋದ. ಕುದುರೆಯ ಕೊರಳಿಗೆ ಕೈ ಹಾಕಿ ಗಂಟೆ ಬಿಚ್ಚಿದ. ಅದು ನಡುಗಿತು, ಆದರೆ ಸರಿಯಲಿಲ್ಲ. ಬಿದಿರಿನ ಬಾಗಿಲು ತೆಗೆದ.

ಕುದುರೆ ತಿರುಗಿತು. ಬಾಗಿಲ ಕಡೆ ನೋಡಿತು. ಅಲ್ಲೇ ನಿಂತಿತು.

"ಹೋಗವಲ್ದ್ರಿ ಅವ್ವಾರ!" ಅವನ ದನಿಯಲ್ಲಿ ಅಳು ಇತ್ತು, ಅಳುವಿನ ಅಡಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು.

"ನೀ ಎಲ್ಲಿ ನಿಂತೀ ನೋಡ್ಕೋ," ಅಂದಳು ನೀಲವ್ವ ಒಳಗಿನಿಂದ.

ಶಂಭುಲಿಂಗ ನೋಡಿಕೊಂಡ. ಬಾಗಿಲ ನಡುವೆಯೇ ನಿಂತಿದ್ದ, ಎರಡೂ ಕೈ ಅಗಲಿಸಿ.

ಅವನು ಪಕ್ಕಕ್ಕೆ ಸರಿದ. ಕುದುರೆ ಹೊರಗೆ ಬಂತು.

"ಹಿಂದ ಹೋಗು. ಮುಂದ ಹೋಗಬ್ಯಾಡ," ಅಂದಳು ನೀಲವ್ವ.

ಕುದುರೆ ಬಂಡಿದಾರಿ ಹಿಡಿಯಿತು. ಮಲಗಿಸಿಕೊಂಡು ತಂದ ದಾರಿ, ಅದಕ್ಕೆ ಹೇಗೆ ಗೊತ್ತೋ. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು. ಹಳ್ಳದ ಇಳಿಜಾರಿನಲ್ಲಿ ಮುಂಗಾಲು ಮಡಚಿ ಬಿತ್ತು. ಶಂಭುಲಿಂಗ ಓಡಿ ಹೋಗಿ ಹಿಡಿಯಬೇಕೆಂದಿದ್ದ. ಹಿಡಿಯಲಿಲ್ಲ. ಒಂದು ಜಾಲಿಯ ಪೊದೆಯ ಹಿಂದೆ ಕೂತು, ತನ್ನ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡ. ಎದ್ದೇಳು ತಾಯಿ, ಎದ್ದೇಳು ಎಂದು ಒಳಗೊಳಗೇ ಬೇಡಿಕೊಂಡ.

ಅದು ಎದ್ದಿತು. ಎದ್ದು, ಕತ್ತೆತ್ತಿ ಕೆನೆಯಿತು.

ದಿನ್ನೆಯ ಆಚೆಯಿಂದ ದೊಡ್ಡಿ ಉತ್ತರ ಕೊಟ್ಟಿತು.

ಅಷ್ಟು ಹೊತ್ತಿಗೆ ಯಮನಪ್ಪನ ಆಳುಗಳು ಕೋಲು ಹಿಡಿದು ದೊಡ್ಡಿಯೊಳಗೆ ಇಳಿದಿದ್ದರು. ಯಮನಪ್ಪ ಕೈಯೆತ್ತಿ ಅವರನ್ನು ತಡೆದ. ಬಾಗಿಲು ತೆಗೆಸಿದ. ಮುದಿ ಕುದುರೆಗಳು ಹೊರಗೆ ಬಂದವು. ಬೂದಿ ಕುದುರೆ ಒಂದೊಂದರ ಹತ್ತಿರವೂ ಹೋಗಿ ಮೂಗಿಗೆ ಮೂಗು ತಾಗಿಸಿತು. ಒಕ್ಕಣ್ಣಿನದರ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಆಮೇಲೆ ತಿರುಗಿ ನಡೆಯಿತು. ಎಲ್ಲವೂ ಅದರ ಹಿಂದೆ ಹೊರಟವು. ಹಗ್ಗವಿಲ್ಲ, ಕೋಲಿಲ್ಲ, ಬೆಲ್ಲವಿಲ್ಲ.

ಶಂಭುಲಿಂಗನಿಗೆ ಸಂತೋಷ ತಡೆಯಲಾಗಲಿಲ್ಲ. ಗುರು ಹೇಳಿದ ಮಾತು ಮರೆತೇ ಹೋಯಿತು. ಕುಂಟುಗಾಲಲ್ಲೇ ಒಳದಾರಿ ಹಿಡಿದು ಮುಂದೆ ಓಡಿದ. ಮಠದ ಹೆಬ್ಬಾಗಿಲು ಪೂರ್ತಿ ತೆರೆದ. ಅಂಗಳದ ತುಂಬ ಹುಲ್ಲು ಹರಡಿದ. ಬಾನಿಗಳಿಗೆ ನೀರು ತುಂಬಿದ. ಇದ್ದಬದ್ದವರನ್ನೆಲ್ಲ ಕರೆದು ಎರಡು ಸಾಲು ನಿಲ್ಲಿಸಿ, ತಾನು ನಡುವೆ ಕೈ ಮುಗಿದು ನಿಂತ.

ಕುದುರೆಗಳು ಬಂದವು. ಹೆಬ್ಬಾಗಿಲ ತನಕ ಬಂದವು. ಬೂದಿ ಕುದುರೆ ಒಮ್ಮೆ ಒಳಗೆ ನೋಡಿ, ಮುಖ ತಿರುಗಿಸಿ, ಹೊಳೆಗೆ ಇಳಿಯಿತು.

ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಮುದುಕಿಯರೆಲ್ಲ ಸಾಲಾಗಿ ನಿಂತು ಬಾಯಿ ಹಾಕಿದರು. ಬೂದಿ ಕುದುರೆ ಮಾತ್ರ ದಡದಲ್ಲೇ ನಿಂತು ಸುತ್ತ ನೋಡುತ್ತಿತ್ತು. ಒಕ್ಕಣ್ಣಿನದು ಕೊನೆಗೆ ಬಂದು, ತಡವರಿಸಿ, ನೀರಿಗೆ ಬಾಯಿ ಹಚ್ಚಿತು. ಆಗ ಬೂದಿ ಕುದುರೆ ಇಳಿಯಿತು. ಇಳಿದು, ತಲೆ ಬಗ್ಗಿಸಿ, ಕುಡಿಯಿತು. ಕುಡಿದೇ ಕುಡಿಯಿತು.

ಶಂಭುಲಿಂಗ ದಂಡೆಯ ಮೇಲೆ ಮೊಣಕಾಲೂರಿ ಗಳಗಳ ಅತ್ತ. ಅಷ್ಟು ಸಂತೋಷ ಅವನಿಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಅವನು ಕಣ್ಣೊರೆಸಿಕೊಂಡು ನೋಡುವಾಗ ಕುದುರೆಗಳು ಹೊಳೆಯ ನಡುವೆ ಇದ್ದವು. ಮತ್ತೆ ನೋಡುವಾಗ ಆಚೆ ದಂಡೆ ಹತ್ತುತ್ತಿದ್ದವು. ಅಲ್ಲಿ ಹುಲ್ಲಿತ್ತು. ಅಲ್ಲೇ ನಿಂತು ಮೇಯತೊಡಗಿದವು, ದೇಸಾಯರ ಕಾವಲಿನಲ್ಲಿ.

ಶಂಭುಲಿಂಗ ಗಾಬರಿಯಿಂದ ಎದ್ದು ಹಿಂದೆ ತಿರುಗಿದ. ದಾರಿಯ ತಿರುವಿನಲ್ಲಿ ಯಮನಪ್ಪ ಕೋಲೂರಿ ನಿಂತು ನೋಡುತ್ತಿದ್ದ. ಅವನ ಮುಖದಲ್ಲೂ ಸಂತೋಷವಿರಲಿಲ್ಲ.

"ನಾ ಹೇಳಿದ್ದೆ ಮರಿದೇವ್ರ," ಅಂದ. "ಇವತ್ತೊಂದು ದಿನ ನೋಡಿಲ್ಲ ಅಂತೀನಿ. ನಾಳೆ ದೇಸಾಯರು ಕೇಳಿದ್ರ ಹಗ್ಗ ತಗೊಂಡು ಇಳಿಯಾಕs ಬೇಕು."

ಶಂಭುಲಿಂಗ ಮಠಕ್ಕೆ ಓಡಿದ. ನೀಲವ್ವ ಒಲೆಯ ಮುಂದೆ ಇದ್ದಳು. ಕೊಪ್ಪರಿಗೆ ತೊಳೆದು ಬೋರಲು ಹಾಕಿದ್ದಳು.

"ಅವ್ವಾರ, ಹಗ್ಗಾ ಕೊಡ್ರಿ! ಮಂದಿನ್ನ ಕರೀರಿ! ಹೆಂಗಾರ ಮಾಡಿ ಈ ಕಡೆ ಹೊಡಕೊಂಡು ಬರೂಣು!"

"ಆಕಿ ನೀರು ಕುಡದ್ಲೇನು?"

"ಕುಡದ್ಲ್ರಿ."

"ಹುಲ್ಲು?"

"ಮೇಯಾಕತ್ತಾಳ್ರಿ. ಎಲ್ಲಾರೂ ಮೇಯಾಕತ್ತಾರ."

"ಮತ್ತ ಯಾಕ ಅಳ್ತೀ?"

"ಅಲ್ಲಿ ಉಳಿಯಂಗಿಲ್ರಿ ಅವ್ರು! ಮಠದ ನೆಲದಾಗ ಇದ್ರಷ್ಟs ಜೀವ. ಅವ್ರು ಆ ದಂಡ್ಯಾಗ ಅದಾರ, ಮಠ ಈ ದಂಡ್ಯಾಗ ಐತಿ. ನಾ ಏನ್ ಮಾಡ್ಲಿ?"

ನೀಲವ್ವ ಎದ್ದಳು. ಗೂಟದ ಮೇಲಿನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡಳು. ಒಲೆಯ ಕೆಂಡವನ್ನು ಒಂದು ಗಡಿಗೆಗೆ ತುಂಬಿ, ಮೇಲೆ ಬೂದಿ ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡಳು. ಬೋರಲು ಹಾಕಿದ್ದ ಕೊಪ್ಪರಿಗೆಯನ್ನು ಕಾಲಿನಿಂದ ಹೊರಳಿಸಿ, ಅದರ ಒಂದು ಹಿಡಿಕೆಗೆ ಕೈ ಹಾಕಿದಳು.

"ಮಠ ಆಗಲೇ ಹೊಳಿ ದಾಟೇತಿ ತಮ್ಮಾ, ನಾವಿಬ್ಬರs ಹಿಂದ ಉಳದೇವಿ. ಆ ಕಡೆ ಹಿಡಿಕಿ ಹಿಡಿ."